ಹದಿನೇಳನೆಯ ಕಾಲು

ಬಕೆಟ್ಟಿನ ನೀರಿಗೆ ತೇಲುಬುರುಡೆ ಮುಟ್ಟಿದ್ದೇ ತಡ, ಬೋರ್ಡಿನ ದೀಪ ಮತ್ತೆ ಆರಿಹೋಯಿತು.

“ಸತ್ತೇ ಹೋಯ್ತು ಬಿಡಿ,” ಎಂದ ಸದಾನಂದನ್. ವಾಚನಶಾಲೆಯ ಕಾರ್ಯದರ್ಶಿ ಅವನು. ಮೇಜಿನ ಮೇಲೆ ನೀರು ಚೆಲ್ಲಿದ್ದು ನೋಡಿ ಪತ್ರಿಕೆಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದ.

“ಸತ್ತಿಲ್ಲ, ಮೂರ್ಛೆ ಹೋಗಿದೆ,” ಎಂದರು ತ್ರೇಸ್ಯಾಮ್ಮ. “ನೋಡ್ತಿರು, ಈಗ ಏಳತ್ತೆ.”

ಅವರು ಬುರುಡೆಯನ್ನು ನೀರಿನಿಂದ ಎತ್ತಿದರು. ಕರೆಂಟು ತೆಗೆದು ಮತ್ತೆ ಕೊಟ್ಟರು. ಅಂಗೈಯಗಲದ ಆ ಹಸಿರು ಹಲಗೆಯ ಮೂಲೆಯಲ್ಲಿ ಕೆಂಪು ದೀಪ ಹೊತ್ತಿತು, ಅದರ ಪಕ್ಕದ ಪುಟ್ಟ ದೀಪ ಮಿಣುಕಿತು. ಏನೂ ಆಗದವರ ಹಾಗೆ ಬೋರ್ಡು ಎದ್ದು ಕುಳಿತಿತು.

ಮೊನ್ನೆ ನಸುಕಿನಲ್ಲಿ ಹೊಳೆ ಉಕ್ಕಿ ಕೈತಚ್ಚಿರ ಪಾಡದ, ಅಂದರೆ ತಗ್ಗಿನ ಗದ್ದೆಬಯಲಿನ, ಒಡ್ಡು ಹತ್ತಿದಾಗ, ಈ ಬುರುಡೆ ತೇಲಿ ಎದ್ದ ಕೂಡಲೇ ಕೂಗಬೇಕಿದ್ದ ಸೈರನ್ ಕೂಗಿರಲಿಲ್ಲ. ಅದನ್ನೇ ನಂಬಿ ಪಂಪುಮನೆಯಲ್ಲಿ ಮಲಗಿದ್ದ ಎಂದು ಊರೆಲ್ಲ ಅನ್ನುತ್ತಿದ್ದ ಪಂಪಿನ ದಿವಾಕರನ್, ನೀರಿಗೆ ಸಿಕ್ಕಿ, ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ.

ಆ ಸೈರನ್ನಿನ ಬೋರ್ಡೇ ಈಗ ಮೇಜಿನ ಮೇಲಿತ್ತು; ಅದನ್ನು ಕಟ್ಟಿದವಳು ಬಿಂದುಜ. ವಾಚನಶಾಲೆಯ ಮಹಡಿಯಲ್ಲಿ ಊರವರಿಗೆ ಇಂಥ ಪುಟ್ಟ ಕಂಪ್ಯೂಟರ್ ಬೋರ್ಡುಗಳ ಪಾಠ ಹೇಳಿಕೊಡುವ ಹುಡುಗಿ. ಈಗ ಕಿಟಕಿಯ ಪಕ್ಕ ಬೆಂಚಿನ ತುದಿಯಲ್ಲಿ, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು. ಸಂಜೆ ಪಾಡದ ಸಮಿತಿಯವರು ಸೇರುತ್ತಾರೆ. ಅಧ್ಯಕ್ಷ ಕುರಿಯಚ್ಚನ್ ಆಗಲೇ ದೋಣಿ ಗೊತ್ತು ಮಾಡಿದ್ದಾನೆ. ಸಭೆ ಮುಗಿದ ಕೂಡಲೇ ಆಚೆ ದಡದ ಠಾಣೆಗೆ ಹೋಗಿ, ದಿವಾಕರನ್‌ನ ಈ ಗತಿಗೆ ಬಿಂದುಜಳೇ ಕಾರಣ ಎಂದು ದೂರು ಕೊಡುವವನಿದ್ದ.

“ಮೋಳೇ, ಮಗಳೇ, ಇನ್ನೊಂದು ಸಲ ನೋಡೋಣ. ನೀನು ಕಲಿಸಿದ ಕ್ರಮದಲ್ಲೇ,” ಎಂದರು ತ್ರೇಸ್ಯಾಮ್ಮ.

“ನೋಡಿ ಏನು ಮಾಡ್ತೀರಿ ಚೇಡತ್ತಿ. ನಂಗೇ ಏನೂ ಅರ್ಥ ಆಗ್ತಿಲ್ಲ.”

“ನಂಗೂ ಆಗ್ತಿಲ್ಲ. ಅದಕ್ಕೇ ಮೊದಲಿಂದ.”

ಊರಿಗೆಲ್ಲ ಚೇಡತ್ತಿ, ಅಂದರೆ ಅಕ್ಕ, ಆಗಿದ್ದ ತ್ರೇಸ್ಯಾಮ್ಮ ಬದುಕೆಲ್ಲ ಕಳೆದದ್ದು ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಒಂದು ತೂತಿನಿಂದ ವೈರು ಕಿತ್ತು ಇನ್ನೊಂದಕ್ಕೆ ಚುಚ್ಚುತ್ತ, ಯಾರು ಯಾರಿಗೆ ಸುಳ್ಳು ಹೇಳುತ್ತಿದ್ದಾರೆ ಎಂದು ಕೇಳದಂತೆ ಕೇಳಿಸಿಕೊಳ್ಳುತ್ತ ಇದ್ದವರು. ಊರಲ್ಲಿ ಏನಾದರೂ ಕಳೆದರೆ, ಯಾರಾದರೂ ಕಾಣೆಯಾದರೆ, ಜನ ಠಾಣೆಗಿಂತ ಮೊದಲು ಅವರ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಬಿಂದುಜಳ ಪಾಠಕ್ಕೆ ಹೆಸರು ಕೊಟ್ಟವರಲ್ಲಿ ಎಲ್ಲರಿಗಿಂತ ವಯಸ್ಸಾದವರೂ ಅವರೇ.

ಮೊದಲು ಕಾರ್ಡು. ಉಗುರಿನಷ್ಟು ಅಗಲದ ಆ ಮೆಮೊರಿ ಕಾರ್ಡಿನಲ್ಲೇ ಬೋರ್ಡಿನ ಬುದ್ಧಿಯೆಲ್ಲ ಇರುವುದು. ತೆಗೆದು ಒರೆಸಿ ಮತ್ತೆ ತೂರಿಸಿದರು. ಆಮೇಲೆ ಸ್ಕ್ರೀನು. ಆಮೇಲೆ ಕೀಬೋರ್ಡು. ಕರೆಂಟು ಯಾವಾಗಲೂ ಕೊನೆಗೆ.

ಬೋರ್ಡು ಏಳುವ ತನಕ ಸುಮ್ಮನೆ ಕಾದರು. ಪಾಠಕ್ಕೆ ಬರುತ್ತಿದ್ದವರಲ್ಲಿ ಹೀಗೆ ಕಾಯಲು ಬರುತ್ತಿದ್ದದ್ದು ಅವರೊಬ್ಬರಿಗೆ. ಉಳಿದವರು ತೆರೆ ಕಪ್ಪಗಿದೆ ಎಂದು ಗಾಬರಿಯಾಗಿ ಕರೆಂಟು ಕಿತ್ತುಬಿಡುತ್ತಿದ್ದರು.

“ಚಾರ್ಜರ್ ಇರಬೇಕು ಚೇಡತ್ತಿ,” ಎಂದ ಸದಾನಂದನ್. “ಫೋನಿನ ಚಾರ್ಜರ್ ಹಾಕಿದ್ರೆ ಇದಕ್ಕೆ ಸಾಲಲ್ಲ ಅಂತ ಇವಳೇ ಹೇಳಿದ್ಲು. ಯಾರೋ ಬದಲಾಯಿಸಿದಾರೆ.”

“ಪಂಪುಮನೆಯಿಂದ ತಂದದ್ದೂ ಹಾಕಿ ನೋಡಿದೆ, ಮಹಡಿಯದೂ ಹಾಕಿ ನೋಡಿದೆ. ಎರಡಕ್ಕೂ ಮೂರ್ಛೆ.”

“ಹಾಗಾದ್ರೆ ಸೈರನ್ನೇ ಕೆಟ್ಟಿದೆ.”

ತ್ರೇಸ್ಯಾಮ್ಮ ಸೈರನ್ನಿಗೆ ‘ಕೂಗು’ ಎನ್ನುವ ಆಜ್ಞೆ ಬರೆಯಲು ಕೀಬೋರ್ಡು ಎಳೆದುಕೊಂಡರು. ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಕೊನೆಯ ಕೀಲಿ ಒತ್ತಿದರು.

ಸೈರನ್ ಕೂಗಿತು. ಅದೆಂಥ ಕೂಗು! ಕೆಳಗೆ ಓದುತ್ತಿದ್ದ ಮುದುಕರೊಬ್ಬರ ಕೈಯಿಂದ ಹಾಲಿಲ್ಲದ ಕಟ್ಟನ್ ಚಹಾದ ಲೋಟ ಜಾರಿತು. ಹೊಳೆಯಲ್ಲಿ ಹೋಗುತ್ತಿದ್ದ ದೋಣಿಯವನು ಹುಟ್ಟು ಎತ್ತಿ ಹಿಡಿದು, “ಏನ್ರೋ ಅದು, ಯಾರ ಮನೆ ಮುಳುಗ್ತು?” ಎಂದು ಕೂಗಿದ.

“ಸೈರನ್ ಸರಿಯಿದೆ,” ಎಂದರು ತ್ರೇಸ್ಯಾಮ್ಮ ಅದನ್ನು ನಿಲ್ಲಿಸಿ.

ಬೋರ್ಡು ಸರಿ. ಸೈರನ್ ಸರಿ. ಕಾರ್ಡಿನಲ್ಲಿ ಬರೆದ ಪ್ರೋಗ್ರಾಮಿನಲ್ಲಿ ಒಂದಕ್ಷರ ಆಚೀಚೆಯಾಗಿಲ್ಲ. ತೇಲುಬುರುಡೆ ಎದ್ದರೆ ಎರಡು ವೈರು ಒಳಗೊಳಗೇ ಕೂಡಿಕೊಳ್ಳುತ್ತವೆ, ಅದೂ ಸರಿ. ಎಲ್ಲ ಸರಿಯಿದ್ದು ಒಟ್ಟಿಗೆ ಸೇರಿಸಿದರೆ ಮಾತ್ರ ತಪ್ಪು. ಮದುವೆಯಾದ ಕೆಲವು ಜೋಡಿಗಳ ಹಾಗೆ.

ಅವರು ಕನ್ನಡಕ ಮೇಲೆತ್ತಿ, ಮುಖವನ್ನು ಬೋರ್ಡಿನ ಹತ್ತಿರ ತಂದರು. ಅದರ ಒಂದು ಅಂಚಿನಲ್ಲಿ ಸೂಜಿಯಂಥ ಕಾಲುಗಳು ಎರಡು ಸಾಲಾಗಿ ನಿಂತಿವೆ. ಬುರುಡೆಯಿಂದ ಬಂದ ಹಳದಿ ವೈರು ಅದರಲ್ಲೊಂದನ್ನು ಕಚ್ಚಿಕೊಂಡಿದೆ. ವೈರಿಗೆ ಅಂಟಿಸಿದ ಕಾಗದದ ಚೂರಿನಲ್ಲಿ ಬಿಂದುಜಳ ಅಕ್ಷರದಲ್ಲಿ ‘17’ ಎಂದಿದೆ.

ತ್ರೇಸ್ಯಾಮ್ಮ ಮುಡಿಯಿಂದ ಪಿನ್ನು ತೆಗೆದು, ಅದರ ತುದಿಯಿಂದ ಕಾಲುಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಅವರ ತುಟಿ ಅಲ್ಲಾಡುವುದು ನಿಂತಿತು.

“ಸದಾನಂದಾ, ಕೆಳಗೆ ಹೋಗಿ ಎಲ್ಲರಿಗೂ ಚಹಾ ಹೇಳಪ್ಪ.”

“ನಾನಾ?”

“ಆ ಮುದುಕರಿಗೂ ಒಂದು. ಚೆಲ್ಲಿಸಿದ್ದು ನಾನು.”

ಅವನು ಮೆಟ್ಟಿಲಿಳಿದ ಸದ್ದು ಕೇಳಿದ ಮೇಲೆ ಅವರು ಬಿಂದುಜಳ ಕಡೆ ತಿರುಗಿದರು.

“ಮೋಳೇ, ನನ್ನ ಮೊದಲ ದಿನ ನೆನಪಿದೆಯಾ? ದೀಪ ಹಚ್ಚೋ ಪಾಠ.”

ಬಿಂದುಜ ನಗಲು ನೋಡಿದಳು. “ನೀವು ಆರು ಅಂತೀರಿ, ಅದು ಆರಲ್ಲ.”

“ಹೌದು. ಹಚ್ಚು ಅನ್ನೋ ಮೊದಲೇ ಹತ್ಕೊಂಡಿತ್ತು, ಆರು ಅಂದ್ರೂ ಆರಲಿಲ್ಲ. ನನ್ನ ಗಂಡನ ಬುದ್ಧಿ ಅದಕ್ಕೂ ಬಂದಿದೆ ಅಂದೆ, ಎಲ್ಲ ನಕ್ಕರು. ಆಮೇಲೆ ನೀನು ಬಂದು ನೋಡಿದ್ರೆ, ನಾನು ವೈರು ಚುಚ್ಚಿದ್ದೇ ತಪ್ಪು ಕಾಲಿಗೆ.”

“ಎಲ್ರೂ ಮಾಡೋ ತಪ್ಪು ಚೇಡತ್ತಿ. ಕಾಲಿಗೆ ಎರಡು ಲೆಕ್ಕ ಇದೆಯಲ್ಲ. ಸಾಲಿನಲ್ಲಿ ಎಷ್ಟನೇದು ಅನ್ನೋದು ಒಂದು. ಪ್ರೋಗ್ರಾಮಿನಲ್ಲಿ ಅದನ್ನ ಏನಂತ ಕರೀತೀವಿ ಅನ್ನೋದು ಇನ್ನೊಂದು. ಹದಿನೇಳು ಅಂತ ಕರೆಯೋ ಕಾಲು ನಿಂತಿರೋದು ಹನ್ನೊಂದನೇ ಜಾಗದಲ್ಲಿ.”

“ಮತ್ತೆ ಹದಿನೇಳನೇ ಜಾಗದಲ್ಲಿ?”

“ಅದು ಬರೀ ಕರೆಂಟು ಕೊಡೋ ಕಾಲು. ಅದಕ್ಕೆ ಕಿವಿ ಇಲ್ಲ, ನಾವು ಹೇಳಿದ್ದು ಕೇಳಲ್ಲ. ಅದಕ್ಕೇ ನಿಮ್ಮ ದೀಪ ಆರಲಿಲ್ಲ.”

“ಬುರುಡೆಯ ವೈರನ್ನ ಆ ಕಾಲಿಗೆ ಹಾಕಿದ್ರೆ?”

ಬಿಂದುಜ ಎದ್ದು ನಿಂತಳು. “ಬುರುಡೆ ಎದ್ದ ತಕ್ಷಣ ಕರೆಂಟೆಲ್ಲ ಸೋರಿಹೋಗಿ ಬೋರ್ಡು…” ಅವಳ ಮಾತು ಅಲ್ಲಿಗೇ ನಿಂತಿತು.

“ಮೂರ್ಛೆ ಹೋಗತ್ತೆ,” ಎಂದು ತ್ರೇಸ್ಯಾಮ್ಮ ಮುಗಿಸಿದರು. “ಬಾ, ನೀನೇ ಎಣಿಸು.”

ಅವಳು ಬಗ್ಗಿ ನೋಡಿದಳು. ಮುಖದಲ್ಲಿ ಗೆಲುವು ಮೂಡಬೇಕಿತ್ತು. ಬದಲಿಗೆ ಹುಬ್ಬು ಇನ್ನಷ್ಟು ಗಂಟಾಯಿತು. ಹಳದಿ ವೈರನ್ನು ಅವಳು ಹೊಸದಾಗಿ ಕಂಡ ಹಾವಿನಂತೆ ನೋಡುತ್ತಿದ್ದಳು.

“ಇದು ಇಲ್ಲಿ ಹೇಗೆ ಬಂತು?” ಎಂದಳು ಪಿಸುಮಾತಿನಲ್ಲಿ. “ಚೇಡತ್ತಿ, ಇದು ಇಲ್ಲಿರೋಕೇ ಸಾಧ್ಯವಿಲ್ಲ.”

“ನಾನೂ ಅದನ್ನೇ ಅಂತೀನಿ. ನೀನು ನಿದ್ದೆಗಣ್ಣಲ್ಲೂ ಈ ತಪ್ಪು ಮಾಡಲ್ಲ. ಇದು ಬೇರೆ ಕೈ.”

ಆದರೆ ಯಾರ ಕೈ? ಮಧ್ಯಾಹ್ನ ಬೇಯಿಸಿದ ಮರಗೆಣಸಿನ ಕಪ್ಪ, ಮೀನಿನ ಸಾರು ಎದುರಿಗಿಟ್ಟುಕೊಂಡು ತ್ರೇಸ್ಯಾಮ್ಮ ಅದನ್ನೇ ಯೋಚಿಸಿದರು. ಯೋಚಿಸಿದಷ್ಟೂ ಎಳೆ ಎಳೆ ಸಿಕ್ಕಾಯಿತು.

ಪಂಪುಮನೆಯ ಗೋಡೆಯಲ್ಲಿ ಎತ್ತರಕ್ಕೆ ಹೊಡೆದಿದ್ದ ಪೆಟ್ಟಿಗೆಗೆ ಬೀಗವಿತ್ತು. ಒಂದು ಕೀಲಿ ಬಿಂದುಜಳ ಬಳಿ, ಇನ್ನೊಂದು ವಾಚನಶಾಲೆಯ ಗೋಡೆಯ ಮೊಳೆಯಲ್ಲಿ. ಆ ಮೊಳೆಗೆ ಊರೆಲ್ಲ ಕೈ ಹಾಕಬಹುದು. ಸೈರನ್ನನ್ನು ಕಂಡರಾಗದವನು ಕುರಿಯಚ್ಚನ್. ತೇಲಿ ಬಂದ ಅಂತರಗಂಗೆಯ ಬಳ್ಳಿ ಬುರುಡೆಯನ್ನೆತ್ತಿ ಒಂದೆರಡು ಸಲ ಸುಮ್ಮಸುಮ್ಮನೆ ಕೂಗಿಸಿದಾಗ, “ಆ ಪೀಪಿಯನ್ನ ಹೊಳೆಗೆ ಬಿಸಾಕಿ” ಎಂದವನು. ಪಾಡದಲ್ಲಿ ಎಲ್ಲರ ಭತ್ತ ನಿಂತಿರುವಾಗ ಅವನ ಗದ್ದೆ ಮಾತ್ರ ಮೊದಲೇ ಕೊಯ್ಲಾಗಿತ್ತು. ಎಲ್ಲ ಅವನ ಕಡೆಗೇ ಬೆರಳು ತೋರಿಸುತ್ತಿತ್ತು.

ಆದರೆ ಹಾಳು ಮಾಡಬೇಕೆಂದವನು ವೈರನ್ನು ಕಿತ್ತು ಹೊಳೆಗೆಸೆದರೆ ಮುಗಿಯಿತಲ್ಲ? ಇಷ್ಟು ಅಚ್ಚುಕಟ್ಟಾಗಿ ಇನ್ನೊಂದು ಕಾಲಿಗೆ ಚುಚ್ಚುವುದೇಕೆ?

ತ್ರೇಸ್ಯಾಮ್ಮನ ಕೈ ತುತ್ತಿನ ಮಧ್ಯೆ ನಿಂತಿತು.

ಬೋರ್ಡಿನ ಕಾಲುಗಳನ್ನು ಎಣಿಸುವ ಕ್ರಮ ಹಬ್ಬದೂಟದ ಪಂಕ್ತಿಯ ಹಾಗೆ. ಎದುರುಬದುರು ಎರಡು ಸಾಲು. ಬಡಿಸುವವನು ಅತ್ತ ಒಂದೆಲೆ, ಇತ್ತ ಒಂದೆಲೆ ಎಂದು ಹೋದ ಹಾಗೆ ಎಣಿಸಬೇಕು. ಇದು ಮೊದಲ ಪಾಠ. ಏನೂ ಕಲಿಯದವನು ಹೀಗೆ ಎಣಿಸುವುದಿಲ್ಲ, ಒಂದೇ ಸಾಲು ಹಿಡಿದು ನೆಟ್ಟಗೆ ಹೋಗುತ್ತಾನೆ. ಪ್ರೋಗ್ರಾಮಿನಲ್ಲಿ ಕರೆಯುವ ಹೆಸರೇ ಬೇರೆ ಎನ್ನುವುದು ಎರಡನೆಯ ಪಾಠ. ಅದನ್ನು ಕಲಿತವನು ಹನ್ನೊಂದನೆಯ ಜಾಗಕ್ಕೆ ಹೋಗುತ್ತಾನೆ. ಈ ಹಳದಿ ವೈರು ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಇದು ಒಂದೇ ಒಂದು ಪಾಠ ಕಲಿತವನ ಕೈ.

ಮೊದಲ ಪಾಠಕ್ಕೆ ಬಂದು ಎರಡನೆಯದಕ್ಕೆ ಬಾರದವರು ಇಬ್ಬರೇ. ಒಬ್ಬ ದಿವಾಕರನ್, ಪಂಪು ಬಿಟ್ಟು ಬರಲಾಗಲಿಲ್ಲ. ಇನ್ನೊಬ್ಬ ಸದಾನಂದನ್, ಕಾರ್ಯದರ್ಶಿಗೆ ಪಾಠ ಬೇಕಿಲ್ಲ ಎಂದುಕೊಂಡವನು. ಕುರಿಯಚ್ಚನ್ ಆ ಮಹಡಿ ಹತ್ತಿದ್ದೇ ಇಲ್ಲ.

ಬಿಸಿಲು ಹೊಳೆಯ ಆಚೆ ದಡದ ತೆಂಗುಗಳ ಹಿಂದೆ ಇಳಿಯುವಾಗ ಕುರಿಯಚ್ಚನ್ ಬಂದ. ಸೊಂಟಕ್ಕೆ ಬಿಳಿ ಮುಂಡು, ಕಂಕುಳಲ್ಲಿ ಕೊಡೆ. ಸಮಿತಿಯ ಉಳಿದವರು ಕೆಳಗಿನ ಅಂಗಳದಲ್ಲಿ ಕೂತಿದ್ದರು. ಕಟ್ಟೆಗೆ ಕಟ್ಟಿದ ದೋಣಿಯಲ್ಲಿ ದೋಣಿಯವನು ಬೀಡಿ ಹಚ್ಚಿಕೊಂಡಿದ್ದ.

“ಚೇಡತ್ತಿ, ಸಭೆಗೆ ಮೊದಲು ಮಾತಾಡ್ಬೇಕು ಅಂದ್ರಂತೆ. ಬೇಗ ಆಗ್ಲಿ. ಕತ್ತಲಾದ್ರೆ ಠಾಣೆಯಲ್ಲಿ ಯಾರೂ ಸಿಗಲ್ಲ.”

“ಆಗತ್ತೆ. ಒಂದು ಸಣ್ಣ ಆಟ ಇದೆ, ಕೂತ್ಕೋ ಕುರಿಯಚ್ಚಾ.”

“ಆಟವಾ? ಅಲ್ಲಿ ಒಬ್ಬ ಜೀವ ಹಿಡ್ಕೊಂಡು ಮಲಗಿದಾನೆ!”

“ಅವನಿಗೋಸ್ಕರಾನೇ.”

ಮೇಜಿನ ಮೇಲೆ ಪಾಠದ ಇನ್ನೊಂದು ಬೋರ್ಡು ಇತ್ತು, ಕರೆಂಟು ಕೊಟ್ಟಿರಲಿಲ್ಲ. ಪಕ್ಕದಲ್ಲಿ ಒಂದು ವೈರು, ಅದಕ್ಕಂಟಿದ ಕಾಗದದಲ್ಲಿ ‘17’. ತ್ರೇಸ್ಯಾಮ್ಮ ಅದನ್ನು ಅವನ ಮುಂದೆ ಸರಿಸಿದರು.

“ಇದನ್ನ ಇದರ ಜಾಗಕ್ಕೆ ಚುಚ್ಚು ನೋಡೋಣ.”

“ನಂಗೇನು ಗೊತ್ತು ಈ ಮುಳ್ಳುಹಂದಿ?”

“ಗೊತ್ತಿಲ್ಲದೋರು ಹೇಗೆ ಮಾಡ್ತಾರೆ ಅಂತಾನೇ ನೋಡ್ಬೇಕು.”

ಕುರಿಯಚ್ಚನ್ ಗೊಣಗುತ್ತ ಕೊಡೆ ಕೆಳಗಿಟ್ಟ. ಒಡ್ಡಿನ ಗೂಟ ಎಣಿಸುವವನ ಹಾಗೆ ಒಂದೇ ಸಾಲು ಹಿಡಿದು ತುದಿಯಿಂದ ಎಣಿಸುತ್ತ ಹೋದ. ಹೆಚ್ಚುಕಡಿಮೆ ಇನ್ನೊಂದು ತುದಿಗೆ ತಲುಪಿ ವೈರನ್ನು ಒತ್ತಿದ. “ಇಕೊಳ್ಳಿ. ಸರಿಯಾ, ತಪ್ಪಾ?”

“ತಪ್ಪು,” ಎಂದರು ತ್ರೇಸ್ಯಾಮ್ಮ. ಅವರ ಮುಖದಲ್ಲಿ ನಿರಾಸೆಯೂ ಇತ್ತು, ಸಮಾಧಾನವೂ ಇತ್ತು. “ಆದ್ರೆ ನೀನಲ್ಲ ಅಂತ ಗೊತ್ತಾಯ್ತು. ಸದಾನಂದಾ, ಈಗ ನೀನು.”

“ನಾನ್ಯಾಕೆ? ನಾನು ಕಲ್ತವನು.”

“ಅದಕ್ಕೇ.”

ಸದಾನಂದನ್ ಎಲ್ಲರ ಮುಖ ನೋಡಿದ. ಬೇಡವೆಂದರೆ ಗೊತ್ತಿಲ್ಲವೆಂದ ಹಾಗಾಗುತ್ತದೆ. ಅವನು ಅಂಗಿಯ ತೋಳು ಮೇಲೆಳೆದು, ಬೆರಳ ತುದಿಯಿಂದ ಅತ್ತ ಒಂದು, ಇತ್ತ ಒಂದು ಮುಟ್ಟುತ್ತ ಹೋದ. ತುಟಿಯೊಳಗೇ ಎಣಿಸುತ್ತಿದ್ದ. ವೈರನ್ನು ಹೆಮ್ಮೆಯಿಂದ ಒತ್ತಿ ಹಿಂದೆ ಸರಿದ.

ತ್ರೇಸ್ಯಾಮ್ಮ ಪಂಪುಮನೆಯ ಬೋರ್ಡನ್ನು ತಂದು ಅದರ ಪಕ್ಕ ಇಟ್ಟರು. ಎರಡರಲ್ಲೂ ವೈರು ಒಂದೇ ಜಾಗದಲ್ಲಿತ್ತು.

ಕುರಿಯಚ್ಚನ್ ಬಗ್ಗಿ ಎರಡನ್ನೂ ನೋಡಿದ.

“ಇದೇನು ಅಂದ್ರೆ…” ಸದಾನಂದನ್ ವೈರಿನ ಕಾಗದದ ಮೇಲೆ ಬೆರಳಿಟ್ಟ. “ಹದಿನೇಳು ತಾನೇ? ಅದರಲ್ಲೇ ಬರೆದಿದೆ!”

“ಪೆಟ್ಟಿಗೆ ತೆಗೆದದ್ದು ಯಾವಾಗ?” ತ್ರೇಸ್ಯಾಮ್ಮನ ದನಿ ಏರಲಿಲ್ಲ, ಇಳಿಯಲೂ ಇಲ್ಲ.

“ಶುಕ್ರವಾರ. ತಾಲೂಕಿನಿಂದ ನೋಡೋಕೆ ಬರೋರಿದ್ರು. ಧೂಳು ಹೊಡೆಯೋಣ ಅಂತ ತೆಗೆದೆ. ಅಷ್ಟೇ, ದೇವರಾಣೆ! ನಾನು ಹಾಳು ಮಾಡಲಿಲ್ಲ ಚೇಡತ್ತಿ, ಸರಿ ಮಾಡಿದ್ದು ನಾನು!”

“ಲೋ, ಸರಿ ಮಾಡಿದ್ದಾ ಇದು?” ಕುರಿಯಚ್ಚನ್ ಮೇಜು ಕುಟ್ಟಿದ. “ಇವನನ್ನೂ ಸೇರಿಸಿ ಬರೆಸ್ತೀನಿ ದೂರಿನಲ್ಲಿ!”

“ವೈರು ಬಿದ್ದಿತ್ತು ಅಧ್ಯಕ್ಷರೇ! ನಾನು ತೆಗೆದಾಗ ಈ ಹಳದಿ ವೈರು ಯಾವ ಕಾಲಿಗೂ ಇರಲಿಲ್ಲ. ಸುಮ್ನೆ ನೇತಾಡ್ತಿತ್ತು. ನಂಬರು ನೋಡಿ ವಾಪಸ್ ಹಾಕಿದೆ. ಬಂದೋರು ನೋಡಿ ನಗಬಾರದು ಅಂತ.” ಅವನ ಕಣ್ಣು ತುಂಬಿತು. “ನನ್ನಿಂದ ದಿವಾಕರನ್ ಹೀಗಾದ್ನಾ? ನಾನು ಸೈರನ್ ಕೂಗ್ಲಿ ಅಂತ ಹಾಕಿದ್ದು.”

ತ್ರೇಸ್ಯಾಮ್ಮ ಅವನನ್ನು ನಂಬಿದರು. ಇಂಥ ತಪ್ಪನ್ನು ಬೇಕೆಂದು ಮಾಡಲು ಬರುವುದಿಲ್ಲ, ಗೊತ್ತಿಲ್ಲದೆಯೇ ಮಾಡಬೇಕು.

“ಕುರಿಯಚ್ಚಾ, ಕೇಳಿದೆಯಲ್ಲ. ಇವಳು ಹಾಕಿದ ವೈರು ಯಾರೋ ಕಿತ್ತಿದಾರೆ, ಇವನು ತಪ್ಪು ಜಾಗಕ್ಕೆ ಹಾಕಿದಾನೆ. ಇವಳ ಹೆಸರು ದೂರಿನಲ್ಲಿ ಯಾಕೆ ಬರ್ಬೇಕು?”

“ಬರ್ಬಾರದು ಅಂದ್ರೆ ಕಿತ್ತೋರ ಹೆಸರು ಕೊಡಿ.” ಕುರಿಯಚ್ಚನ್ ಕೊಡೆ ಎತ್ತಿಕೊಂಡ. “ಇಲ್ಲಾಂದ್ರೆ ಇವಳದೇ ಹೆಸರು. ಇವಳ ಬೋರ್ಡು, ಇವಳ ಬೀಗ. ನಂಗೆ ನಿಮ್ಮ ಕಾಲು, ನಂಬರಿನ ಲೆಕ್ಕ ಎಲ್ಲ ಬೇಡ. ಒಂದು ಹೆಸರು ಹೇಳಿ, ನಾನು ದೋಣಿ ಹತ್ತೋದರೊಳಗೆ.”

ತ್ರೇಸ್ಯಾಮ್ಮನ ಬಳಿ ಹೆಸರಿರಲಿಲ್ಲ. ಮೊಳೆಯಲ್ಲಿದ್ದ ಕೀಲಿ, ಊರೆಲ್ಲ ಬಂದು ಹೋಗುವ ವಾಚನಶಾಲೆ. ಬೆಳಗಿನಿಂದ ಬಿಡಿಸಿದ್ದೆಲ್ಲ ಮತ್ತೆ ಗಂಟಾಗಿ ಅಂಗೈಗೆ ಬಂದಂತಾಯಿತು.

“ನಾನು.”

ಅವರು ತಿರುಗಿದರು. ಬಿಂದುಜ ಬೆಂಚಿನಿಂದ ಎದ್ದಿದ್ದಳು.

“ವೈರು ಕಿತ್ತದ್ದು ನಾನು ಚೇಡತ್ತಿ.”

“ಮೋಳೇ, ಸುಮ್ನಿರು. ನಿನಗೆ ತಲೆ ಕೆಟ್ಟಿದೆ.”

“ಬೆಳಗಿನಿಂದ ಕೆಟ್ಟಿತ್ತು. ನಾನೇ ಕಿತ್ತು ಬಿಟ್ಟ ವೈರು ಹೇಗೆ ಅಲ್ಲಿ ಕೂತಿತ್ತು ಅಂತ. ಈಗ ಗೊತ್ತಾಯ್ತು.” ಅವಳು ಸದಾನಂದನ್‌ನ ಕಡೆ ನೋಡಿದಳು. “ಇವರದೇನೂ ತಪ್ಪಿಲ್ಲ. ಇವರು ಮುಟ್ಟದಿದ್ರೂ ಸೈರನ್ ಕೂಗ್ತಿರಲಿಲ್ಲ.”

“ಯಾಕೆ ಕಿತ್ತೆ?” ತ್ರೇಸ್ಯಾಮ್ಮ ಕೇಳಿದರು. ಕೇಳುವಾಗ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದರು.

“ದಿವಾಕರೇಟ್ಟ ಕೇಳ್ಕೊಂಡ್ರು.”

“ಯಾರು?”

“ದಿವಾಕರೇಟ್ಟ, ನಮ್ಮ ಪಂಪಿನ ದಿವಾಕರಣ್ಣ. ಗುರುವಾರ ಬಂದು, ಎರಡು ರಾತ್ರಿ ಇದು ಕೂಗಬಾರದು ಮೋಳೇ, ಎರಡೇ ರಾತ್ರಿ, ಆಮೇಲೆ ಹಾಕು ಅಂದ್ರು. ಒಡ್ಡಿನ ಮೇಲೆ ನಾನೇ ಎಚ್ಚರ ಇರ್ತೀನಿ ಅಂದ್ರು. ಯಾಕೆ ಅಂತ ಕೇಳಿದ್ರೆ ಕೈ ಮುಗಿದ್ರು. ಯಾರಿಗೂ ಹೇಳಲ್ಲ ಅಂತ ನನ್ನ ತಲೆ ಮುಟ್ಟಿಸಿ ಆಣೆ ಹಾಕಿಸ್ಕೊಂಡ್ರು.” ಅವಳ ದನಿ ಒಡೆಯಿತು. “ಅವರು ಕಣ್ಣು ತೆರೀಲಿ, ಅವರೇ ಹೇಳ್ಲಿ ಅಂತ ಕಾದೆ. ಇನ್ನು ಕಾಯೋಕಾಗಲ್ಲ. ನಡೀರಿ ಅಧ್ಯಕ್ಷರೇ. ನಾನೇ ಬಂದು ಹೇಳ್ತೀನಿ.”



ಕುರಿಯಚ್ಚನ್ ಇದ್ದಲ್ಲೇ ನಿಂತಿದ್ದ. ಈಗಷ್ಟೇ ಮೇಜು ಕುಟ್ಟಿದವನ ಮುಖದಲ್ಲಿ ಬಣ್ಣವೇ ಇರಲಿಲ್ಲ.

“ಎರಡು ರಾತ್ರಿ ಅಂದನಾ?” ಎಂದ ನಿಧಾನವಾಗಿ. “ಬೇರೆ ಏನಂದ? ಯಾರದಾದ್ರೂ ಹೆಸರು ಹೇಳಿದ್ನಾ?”

“ಇಲ್ಲ.”

“ದೂರು ಬೇಡ.” ಅವನು ಕೊಡೆಯನ್ನು ಮೇಜಿನ ಮೇಲಿಟ್ಟ, ಮತ್ತೆ ಎತ್ತಿಕೊಂಡ. “ಹುಡುಗಿ, ತಿಳಿಯದೆ ಮಾಡಿದೆ. ಊರಿನ ವಿಷಯ ಊರಲ್ಲೇ ಮುಗಿಯಲಿ. ಸದಾನಂದಾ, ದೋಣಿಯವನಿಗೆ ಹೋಗು ಅಂತ ಹೇಳು.”

ತ್ರೇಸ್ಯಾಮ್ಮನಿಗೆ ಬೆಳಗಿನಿಂದ ಆದ ಗೊಂದಲವೆಲ್ಲ ಇದರ ಮುಂದೆ ಏನೂ ಅಲ್ಲವೆನ್ನಿಸಿತು. ಹೆಸರು ಬೇಕೆಂದು ಕೂತವನಿಗೆ ಹೆಸರು ಸಿಕ್ಕಿದೆ. ತಪ್ಪೊಪ್ಪಿಕೊಂಡವಳು ಎದುರಿಗೇ ನಿಂತಿದ್ದಾಳೆ. ಈಗ ದೂರು ಬೇಡವೇ? ಹಾಗಾದರೆ ದಿವಾಕರನ್‌ನಿಂದ ಹಾಗೆ ಕೇಳಿಸಿದ್ದು ಇವನೇ?

“ನಿನಗೆ ಬೇಡದಿರಬಹುದು ಕುರಿಯಚ್ಚಾ,” ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಬೆಂಚಿನ ಬಳಿ ಯಾರೂ ಇರಲಿಲ್ಲ.

ಮರದ ಮೆಟ್ಟಿಲು ದಡದಡನೆ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಬಿಂದುಜ ಅಂಗಳ ದಾಟಿ ಕಟ್ಟೆ ಇಳಿಯುತ್ತಿದ್ದಳು. ದೋಣಿ ಹತ್ತಿ, ನಡುವಿನ ಹಲಗೆಯ ಮೇಲೆ ನೆಟ್ಟಗೆ ಕೂತಳು. ಆಚೆ ದಡದ ಕಡೆ ಕೈ ತೋರಿಸಿದಳು. ದೋಣಿಯವನು ಬೀಡಿ ಎಸೆದು ಎದ್ದ.

ಕುರಿಯಚ್ಚನ್ ತ್ರೇಸ್ಯಾಮ್ಮನನ್ನು ತಳ್ಳಿಕೊಂಡೇ ಕೆಳಗೆ ಓಡಿದ. ಮುಂಡು ಕಾಲಿಗೆ ತೊಡರಿತು, ಕೊಡೆ ಅಂಗಳದಲ್ಲೆಲ್ಲೋ ಬಿತ್ತು. ಸಮಿತಿಯವರು ಎದ್ದು ನಿಂತು ಬಾಯಿ ಬಿಟ್ಟುಕೊಂಡು ನೋಡಿದರು. ದಡ ಬಿಟ್ಟಾಗಿದ್ದ ದೋಣಿಯ ಹಗ್ಗವನ್ನು ಹಿಡಿಯಲು ಅವನು ಸೊಂಟದ ತನಕ ನೀರಿಗಿಳಿದಿದ್ದ.

“ಇಳಿಸೋ ಅವಳನ್ನ!” ಎಂದು ಕೂಗುತ್ತಿದ್ದ. “ಅವಳು ಠಾಣೆಗೆ ಹೋಗಕೂಡದು! ಇಳಿಸೋ!”